ಮೂರನೆಯ ವರ: ರಮೋನ 'ಇಪ್ಪೊಲೀತ್ ಎ ಅರಿಸಿ' ಗೀತನಾಟಕದ ಪಾತ್ರಗಳು ಮತ್ತು ಕಥಾಮೂಲ

ಯುರೋಪಿನ ರಂಗಸಾಹಿತ್ಯದ ಚರಿತ್ರೆಯಲ್ಲಿ ಒಂದೇ ಕಥೆ ಹಲವು ಶತಮಾನಗಳ ಕಾಲ ಹಲವು ರೂಪಗಳನ್ನು ತಳೆದು ಬಾಳಿದ ನಿದರ್ಶನಗಳು ಅನೇಕ. ಮಲಮಗನನ್ನು ಮೋಹಿಸಿದ ರಾಣಿ, ಆರೋಪವನ್ನು ವಿಚಾರಿಸದೆ ಮಗನಿಗೆ ಶಾಪವಿತ್ತ ತಂದೆ, ಉತ್ತರ ಹೇಳದೆ ಹೊರಟುಹೋದ ಮಗ ಎಂಬ ಮೂವರ ಸುತ್ತ ಹೆಣೆದ ಹಿಪ್ಪಾಲಿಟಸನ ಕಥೆ ಅವುಗಳಲ್ಲಿ ಮುಖ್ಯವಾದುದು. ಗ್ರೀಸಿನ ಯೂರಿಪಿಡೀಸ್, ರೋಮಿನ ಸೆನೆಕ, ಫ್ರಾನ್ಸಿನ ರಾಸೀನ್ ಈ ಮೂವರೂ ಇದನ್ನು ರುದ್ರನಾಟಕವಾಗಿ ಬರೆದರು. 1733ರಲ್ಲಿ ಪ್ಯಾರಿಸ್ಸಿನಲ್ಲಿ ಇದೇ ಕಥೆ 'ಇಪ್ಪೊಲೀತ್ ಎ ಅರಿಸಿ' (ಹಿಪ್ಪಾಲಿಟಸ್ ಮತ್ತು ಅರಿಸಿಯಾ) ಎಂಬ ಗೀತನಾಟಕವಾಯಿತು. ಸಂಗೀತ ಜಾನ್ ಫಿಲಿಪ್ ರಮೋನದು, ಸಾಹಿತ್ಯ ಸಿಮೋನ್ ಜೋಸೆಫ್ ಪೆಲ್ಲೆಗ್ರಿನನದು.

ಈ ಕೃತಿಯನ್ನು ಸಾಮಾನ್ಯವಾಗಿ ಸಂಗೀತಚರಿತ್ರೆಯ ದೃಷ್ಟಿಯಿಂದ ನೋಡಲಾಗಿದೆ. ಸಾಹಿತ್ಯದ ದೃಷ್ಟಿಯಿಂದ ನೋಡಿದವರು ಇದನ್ನು ರಾಸೀನನ ಮಹಾಕೃತಿಯ ಇಳಿದ ರೂಪವೆಂದು ಬದಿಗಿರಿಸಿದ್ದೂ ಉಂಟು. ಆದರೆ ಕಥಾಪರಂಪರೆಯ ದೃಷ್ಟಿಯಿಂದ ಪರಿಶೀಲಿಸಿದಾಗ ಬೇರೊಂದು ಚಿತ್ರ ದೊರೆಯುತ್ತದೆ. ರಾಸೀನನು ತನ್ನ ಕಾಲದ ನಾಟಕನಿಯಮಗಳಿಗೆ ಅನುಗುಣವಾಗಿ ಕೈಬಿಟ್ಟ ಮೂರು ಪ್ರಾಚೀನ ಅಂಶಗಳನ್ನು, ಎಂದರೆ ಪಾತಾಳಯಾತ್ರೆ, ಮೂರು ವರಗಳು ಹಾಗೂ ಸತ್ತವನ ಮರುಬಾಳು ಇವನ್ನು ಈ ಗೀತನಾಟಕ ಮರಳಿ ರಂಗಕ್ಕೆ ತಂದಿತು. ಹಾಗೆ ತಂದುದರಿಂದ ಕಥೆಯ ಭಾರ ರಾಣಿಯಿಂದ ತಂದೆಯ ಕಡೆಗೆ ಸರಿಯಿತು. ಕನ್ನಡ ಓದುಗರಿಗೆ ಪರಿಚಿತವಾದ ಥೀಸಿಯಸ್, ಫೀಡ್ರ, ಹಿಪ್ಪಾಲಿಟಸ್ ಎಂಬ ರೂಪಗಳನ್ನೇ ಇಲ್ಲಿ ಪಾತ್ರಗಳಿಗೆ ಬಳಸಲಾಗಿದೆ.

1. ಕೃತಿ ಮತ್ತು ಕರ್ತೃಗಳು

ಫ್ರಾನ್ಸಿನಲ್ಲಿ 'ಸಂಗೀತ ರುದ್ರನಾಟಕ'ವೆಂಬ ಪ್ರಕಾರಕ್ಕೆ ಅಡಿಪಾಯ ಹಾಕಿದವರು ಸಂಗೀತಗಾರ ಲುಲ್ಲಿ ಮತ್ತು ಕವಿ ಕಿನೋ. 1673ರಲ್ಲಿ ಇವರು ರಚಿಸಿದ ಮೊದಲ ಕೃತಿಯಿಂದಲೇ ಪ್ರಕಾರದ ಚೌಕಟ್ಟು ನಿಂತಿತು: ಒಂದು ಪೂರ್ವರಂಗ, ಐದು ಅಂಕಗಳು, ಪ್ರತಿ ಅಂಕದಲ್ಲಿಯೂ ಮೇಳಗಾನ ಮತ್ತು ನೃತ್ಯಗಳಿಂದ ಕೂಡಿದ ಒಂದು ವಿನೋದಭಾಗ, ಯಂತ್ರಗಳ ಸಹಾಯದಿಂದ ಆಕಾಶದಿಂದಿಳಿಯುವ ದೇವತೆಗಳು. ಲುಲ್ಲಿ 1687ರಲ್ಲಿ ತೀರಿಕೊಂಡ ಮೇಲೂ ಪ್ಯಾರಿಸ್ಸಿನ ರಾಜ ಸಂಗೀತ ಅಕಾಡೆಮಿಯ ರಂಗದಲ್ಲಿ ಅವನ ಮಾದರಿಯೇ ಪ್ರಮಾಣವಾಗಿ ಉಳಿದಿತ್ತು.

ರಮೋ 1683ರಲ್ಲಿ ದಿಜೋನ್ ನಗರದಲ್ಲಿ ಜನಿಸಿದವನು. ಬಹುಕಾಲ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ ಅವನು 1722ರಲ್ಲಿ ಪ್ರಕಟಿಸಿದ ಸ್ವರಸಾಮರಸ್ಯ ಕುರಿತ ಶಾಸ್ತ್ರಗ್ರಂಥದಿಂದ ಪಂಡಿತನೆಂದು ಹೆಸರಾಗಿದ್ದ. ಅವನ ಮೊದಲ ಗೀತನಾಟಕ ರಂಗವೇರಿದಾಗ ಅವನ ವಯಸ್ಸು 50. ಪೆಲ್ಲೆಗ್ರಿನನಿಗೆ ಆಗ 70 ವರ್ಷ. ಪಾದ್ರಿಯಾಗಿದ್ದೂ ರಂಗಕ್ಕಾಗಿ ಬರೆಯುತ್ತಿದ್ದ ಇವನು 1732ರಲ್ಲಿ ಸಂಗೀತಗಾರ ಮೊಂತೆಕ್ಲೇರನಿಗೆ 'ಜೆಫ್ತೆ' ಎಂಬ ಕೃತಿಯನ್ನು ಬರೆದುಕೊಟ್ಟಿದ್ದ. ಅದು ದೇವರಿಗೆ ಕೊಟ್ಟ ಮಾತಿನಿಂದಾಗಿ ಸ್ವಂತ ಮಗಳನ್ನೇ ಬಲಿಗೊಪ್ಪಿಸಬೇಕಾಗಿ ಬಂದ ತಂದೆಯ ಬೈಬಲ್ ಕಥೆ. ಮರುವರ್ಷವೇ ಅವನು ವರದ ಬಲದಿಂದ ಮಗನನ್ನು ಕಳೆದುಕೊಳ್ಳುವ ಮತ್ತೊಬ್ಬ ತಂದೆಯ ಕಥೆಯನ್ನು ಕೈಗೆತ್ತಿಕೊಂಡನೆಂಬುದು ಗಮನಾರ್ಹ.

ಇವರಿಬ್ಬರ ಕುರಿತು ಒಂದು ಐತಿಹ್ಯ ಪ್ರಚಲಿತವಿದೆ. ಕೃತಿ ಸೋತರೆ ನಷ್ಟಭರ್ತಿಯಾಗಲೆಂದು ಪೆಲ್ಲೆಗ್ರಿನನು ರಮೋನಿಂದ 500 ಲಿವ್ರ್‌ಗಳಿಗೆ ಸಾಲಪತ್ರ ಬರೆಸಿಕೊಂಡಿದ್ದನಂತೆ. ತಾಲೀಮಿನಲ್ಲಿ ಮೊದಲ ಅಂಕದ ಸಂಗೀತ ಕೇಳಿದೊಡನೆ ಅದನ್ನು ಹರಿದು ಹಾಕಿದನಂತೆ. ಇದರ ಸತ್ಯಾಸತ್ಯತೆ ಹೇಗೇ ಇರಲಿ, ಆ ಸಂಗೀತ ಕೇಳಿದವರನ್ನು ಬೆರಗುಗೊಳಿಸಿತೆಂಬ ನೆನಪನ್ನು ಈ ಐತಿಹ್ಯ ಕಾಪಾಡಿಕೊಂಡು ಬಂದಿದೆ.

ಪ್ರಥಮ ಪ್ರಯೋಗ 1733ರ ಅಕ್ಟೋಬರ್ 1ರಂದು ಪಾಲೆ ರೊಯಾಲ್ ರಂಗಮಂದಿರದಲ್ಲಿ ನಡೆಯಿತು. ಫೀಡ್ರಳ ಪಾತ್ರವನ್ನು ಮರೀ ಆಂತಿಯೆ, ಅರಿಸಿಯಾಳ ಪಾತ್ರವನ್ನು ಮರೀ ಪೆಲಿಸಿಯೆ, ಹಿಪ್ಪಾಲಿಟಸನ ಪಾತ್ರವನ್ನು ತ್ರಿಬು, ಥೀಸಿಯಸನ ಪಾತ್ರವನ್ನು ಶಾಸ್ಸೆ ಹಾಡಿದರು. ಪ್ರಯೋಗದ ಬೆನ್ನಿಗೇ ಪ್ಯಾರಿಸ್ಸಿನ ರಸಿಕರು ಎರಡು ಪಂಗಡಗಳಾದರು. ಲುಲ್ಲಿಯ ಅಭಿಮಾನಿಗಳಿಗೆ ಈ ಸಂಗೀತ ವಿಪರೀತ ದಟ್ಟವೆನಿಸಿತು, ಕಿವಿಗೆ ಕರ್ಕಶವೆನಿಸಿತು. ಹಿರಿಯ ಸಂಗೀತಗಾರ ಕಾಂಪ್ರಾ ಮಾತ್ರ, ಹತ್ತು ಗೀತನಾಟಕಗಳಿಗೆ ಸಾಕಾಗುವಷ್ಟು ಸಂಗೀತ ಇದೊಂದರಲ್ಲೇ ಇದೆ ಎಂದು ಮೆಚ್ಚಿದನೆಂದು ಹೇಳಲಾಗುತ್ತದೆ. 1734ರ ಮೇ ತಿಂಗಳಲ್ಲಿ 'ಮೆರ್ಕ್ಯೂರ್ ದ ಫ್ರಾನ್ಸ್' ಪತ್ರಿಕೆಯಲ್ಲಿ ಬಂದ ಹೆಸರಿಲ್ಲದ ಪತ್ರವೊಂದು ಈ ಕೃತಿಯನ್ನು ನಿಂದಿಸುತ್ತ 'ಬರೋಕ್' ಎಂಬ ಪದವನ್ನು ಬಳಸಿತು. ಅಂಕುಡೊಂಕಾದ ಮುತ್ತಿಗೆ ಸಲ್ಲುತ್ತಿದ್ದ ಈ ಪದವನ್ನು ಸಂಗೀತಕ್ಕೆ ಅನ್ವಯಿಸಿದ ಅತ್ಯಂತ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಅಂದಿನ ಬೈಗುಳವೇ ಮುಂದೆ ಒಂದು ಯುಗದ ಹೆಸರಾಯಿತು.

2. ಕಥಾಪರಂಪರೆ

ಕ್ರಿ.ಪೂ. 428ರಲ್ಲಿ ಯೂರಿಪಿಡೀಸನ 'ಹಿಪ್ಪಾಲಿಟಸ್' ಅಥೆನ್ಸಿನ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಪಡೆಯಿತು. ಅಲ್ಲಿ ಫೀಡ್ರ ಸುಳ್ಳು ಆರೋಪವನ್ನು ಪತ್ರದಲ್ಲಿ ಬರೆದಿಟ್ಟು ನೇಣು ಹಾಕಿಕೊಳ್ಳುತ್ತಾಳೆ. ಥೀಸಿಯಸನು ತನ್ನ ತಂದೆಯಾದ ಸಮುದ್ರದೇವನು ಕೊಟ್ಟಿದ್ದ ಮೂರು ಶಾಪವಾಕ್ಕುಗಳಲ್ಲಿ ಒಂದನ್ನು ಮಗನ ಮೇಲೆ ಪ್ರಯೋಗಿಸುತ್ತಾನೆ. ಕಡಲಿನಿಂದೆದ್ದ ಗೂಳಿಗೆ ಕುದುರೆಗಳು ಬೆದರಿ ಹಿಪ್ಪಾಲಿಟಸನನ್ನು ಎಳೆದಾಡುತ್ತವೆ. ಕೊನೆಯಲ್ಲಿ ದೇವತೆ ಆರ್ಟೆಮಿಸ್ ಪ್ರತ್ಯಕ್ಷಳಾಗಿ, ಸಾಕ್ಷ್ಯವನ್ನಾಗಲಿ ದೈವಜ್ಞರ ಮಾತನ್ನಾಗಲಿ ಕಾಯದೆ ಶಪಿಸಿದ ತಂದೆಯನ್ನು ಖಂಡಿಸುತ್ತಾಳೆ. ಸಾಯುವ ಮಗ ತಂದೆಯನ್ನು ಕ್ಷಮಿಸುತ್ತಾನೆ.

ಈ ನಾಟಕದ ಹಿಂದೆ ಜೀವಂತವಾದ ಆರಾಧನೆಯೊಂದಿತ್ತು. ಟ್ರೀಝನ್ ಪಟ್ಟಣದ ಕನ್ಯೆಯರು ಮದುವೆಗೆ ಮೊದಲು ತಮ್ಮ ಮುಡಿಯ ಕೂದಲನ್ನು ಕತ್ತರಿಸಿ ಹಿಪ್ಪಾಲಿಟಸನಿಗೆ ಅರ್ಪಿಸುತ್ತಿದ್ದರು. ಕ್ರಿ.ಶ. ಎರಡನೆಯ ಶತಮಾನದ ಪ್ರವಾಸಿ ಪಾಸೇನಿಯಸ್ ದಾಖಲಿಸಿರುವಂತೆ, ಅವನು ಕುದುರೆಗಳಿಗೆ ಸಿಲುಕಿ ಸತ್ತನೆಂಬುದನ್ನು ಆ ಊರಿನವರು ಒಪ್ಪುತ್ತಿರಲಿಲ್ಲ, ಅವನ ಸಮಾಧಿಯನ್ನೂ ತೋರಿಸುತ್ತಿರಲಿಲ್ಲ. ಅವನು ಆಕಾಶದಲ್ಲಿ ಸಾರಥಿಯ ನಕ್ಷತ್ರಪುಂಜವಾದನೆಂದು ಹೇಳುತ್ತಿದ್ದರು. ಇಟಲಿಯಲ್ಲಿ ಕಥೆ ಮತ್ತೂ ಮುಂದುವರಿಯಿತು. ರೋಮಿನ ಸಮೀಪದ ಅರಿಸಿಯಾ ಎಂಬ ಊರಿನ ಬಳಿ, ನೇಮಿ ಸರೋವರದ ದಡದಲ್ಲಿದ್ದ ಡಯಾನಾ ದೇವಿಯ ವನದಲ್ಲಿ ವಿರ್ಬಿಯಸ್ ಎಂಬ ದೈವವಿತ್ತು. ಮರಳಿ ಜೀವ ಪಡೆದು, ಹೆಸರು ಬದಲಿಸಿಕೊಂಡು, ದೇವಿಯ ರಕ್ಷಣೆಯಲ್ಲಿ ಅಡಗಿರುವ ಹಿಪ್ಪಾಲಿಟಸನೇ ಅವನೆಂಬ ನಂಬಿಕೆಯನ್ನು ವರ್ಜಿಲ್ ಮತ್ತು ಓವಿಡ್ ಇಬ್ಬರೂ ಹಾಡಿದ್ದಾರೆ. ಅವನ ಸಾವಿಗೆ ಕಾರಣವಾದ ಕುದುರೆಗಳಿಗೆ ಆ ವನದಲ್ಲಿ ಪ್ರವೇಶ ನಿಷಿದ್ಧವಾಗಿತ್ತು. 1890ರಲ್ಲಿ ಫ್ರೇಜರನು ತನ್ನ 'ದ ಗೋಲ್ಡನ್ ಬೌ' ಗ್ರಂಥವನ್ನು ಆರಂಭಿಸಿದ್ದು ಇದೇ ನೇಮಿವನದಿಂದ ಎಂಬುದನ್ನು ಜಾನಪದ ವಿದ್ವಾಂಸರು ಬಲ್ಲರು.

1677ರಲ್ಲಿ ರಾಸೀನನು 'ಫೀಡ್ರ' ನಾಟಕವನ್ನು ಬರೆದಾಗ ಫ್ರೆಂಚ್ ರಂಗಭೂಮಿಯಲ್ಲಿ ಸಂಭವನೀಯತೆ ಮತ್ತು ಔಚಿತ್ಯಗಳೇ ಪ್ರಧಾನ ನಿಯಮಗಳಾಗಿದ್ದವು. ಆದಕಾರಣ ಥೀಸಿಯಸನ ಪಾತಾಳಯಾತ್ರೆ ಅಲ್ಲಿ ಜನರ ವದಂತಿಯಾಗಿ ಮಾತ್ರ ಉಳಿಯಿತು. ಅವನು ನಿಜವಾಗಿ ಎಪಿರಸ್ ಪ್ರಾಂತದಲ್ಲಿ ಸೆರೆಯಲ್ಲಿದ್ದನು. ಮೂರು ವರಗಳು ಒಂದಕ್ಕೆ ಇಳಿದವು. ಕಡಲಮೃಗ ರಂಗದ ಮೇಲೆ ಬಾರದೆ ಥೆರಾಮೀನನ ದೀರ್ಘ ನಿರೂಪಣೆಯಲ್ಲಷ್ಟೇ ಕಾಣಿಸಿತು. ಹಿಪ್ಪಾಲಿಟಸ್ ಸತ್ತನು, ಮರಳಿ ಬರಲಿಲ್ಲ. ಅರಿಸಿಯಾ ಎಂಬ ರಾಜಕುಮಾರಿಯನ್ನು ಮಾತ್ರ ರಾಸೀನನು ವರ್ಜಿಲನ ಆಧಾರದಿಂದ ಕಥೆಗೆ ತಂದನು. ಇಟಲಿಯ ಊರಿನ ಹೆಸರು ಹೀಗೆ ನಾಯಕನ ಪ್ರಿಯತಮೆಯ ಹೆಸರಾಗಿ ಉಳಿಯಿತು.

ಗೀತನಾಟಕಕ್ಕೆ ಈ ನಿರ್ಬಂಧಗಳಿರಲಿಲ್ಲ. ಮಾತಿನ ನಾಟಕದಲ್ಲಿ ದೋಷವೆನಿಸುತ್ತಿದ್ದ ಅದ್ಭುತವು ಇಲ್ಲಿ ಪ್ರಕಾರದ ಲಕ್ಷಣವೇ ಆಗಿತ್ತು. ಜನಪದ ಕಲ್ಪನೆಯ ಪಾತಾಳ, ವರ, ಮರುಹುಟ್ಟುಗಳಿಗೆ ಅರಮನೆಯ ಆಶ್ರಯದಲ್ಲಿ ಬೆಳೆದ ಈ ರಂಗಪ್ರಕಾರದಲ್ಲಿಯೇ ಎಡೆ ದೊರೆತದ್ದು ಈ ದೃಷ್ಟಿಯಿಂದ ಸಹಜವೇ ಆಗಿದೆ.

3. ಥೀಸಿಯಸ್: ವರ ಮತ್ತು ವಿಚಾರಣೆ

ಕೃತಿಯ ಹೆಸರು ಪ್ರೇಮಿಗಳದಾದರೂ ಅದರ ಬೆನ್ನೆಲುಬು ಥೀಸಿಯಸನ ಪಾತ್ರ. ಎರಡನೆಯ ಅಂಕವು ಪೂರ್ತಿಯಾಗಿ ಪಾತಾಳದಲ್ಲಿ ನಡೆಯುತ್ತದೆ. ಗೆಳೆಯ ಪಿರಿಥೂಸನನ್ನು ಬಿಡಿಸಿಕೊಂಡು ಬರಲು, ಅದಾಗದಿದ್ದರೆ ಅವನೊಡನೆಯೇ ಸಾಯಲು ಥೀಸಿಯಸ್ ಅಲ್ಲಿಗೆ ಇಳಿದಿದ್ದಾನೆ. ಸಮುದ್ರದೇವ ನೆಪ್ಚೂನನು ಅವನಿಗೆ ಮೂರು ಸಲ ನೆರವಾಗುವುದಾಗಿ ವಚನವಿತ್ತಿದ್ದಾನೆ. ಪಾತಾಳವನ್ನು ಹೊಗಲು ಮೊದಲನೆಯ ವರ ವ್ಯಯವಾಗಿದೆ. ಅಲ್ಲಿಂದ ಹೊರಬರಲು ಎರಡನೆಯದು ವ್ಯಯವಾಗುತ್ತದೆ. ಉಳಿದದ್ದು ಒಂದೇ.

ಮೂರು ವರಗಳಲ್ಲಿ ಕೊನೆಯದು ವರ ಪಡೆದವನಿಗೇ ಮುಳುವಾಗುವುದು ಲೋಕದ ಜನಪದ ಕಥೆಗಳಲ್ಲಿ ಸುಪರಿಚಿತವಾದ ವಿನ್ಯಾಸ. ಪೆಲ್ಲೆಗ್ರಿನನು ಈ ವಿನ್ಯಾಸವನ್ನು ಕೇವಲ ಅಲಂಕಾರವಾಗಿ ಬಳಸಲಿಲ್ಲ. ಪಾತಾಳದ ಅಂಕದಲ್ಲಿ ಅವನು ಒಂದು ಪ್ರಕರಣವನ್ನು ಸೇರಿಸಿದ್ದಾನೆ. ಅತಿಕ್ರಮ ಪ್ರವೇಶದಿಂದ ಕೆರಳಿದ ಪ್ಲೂಟೊ ಥೀಸಿಯಸನನ್ನು ತಾನೇ ದಂಡಿಸುವುದಿಲ್ಲ. ಪ್ರಕರಣವನ್ನು ಪಾತಾಳದ ನ್ಯಾಯಾಧೀಶರಿಗೆ ಒಪ್ಪಿಸುತ್ತಾನೆ. ನರಕದಲ್ಲಿಯೂ ವಿಚಾರಣೆಯೆಂಬುದು ಉಂಟು. ವಿಧಿದೇವತೆಯರು ಮೂವರೂ ಅವನ ಆಯುಷ್ಯದ ನೂಲನ್ನು ಕತ್ತರಿಸುವ ಕಾಲ ಇನ್ನೂ ಬಂದಿಲ್ಲವೆನ್ನುತ್ತಾರೆ. ಬಳಿಕ ನೆಪ್ಚೂನನ ಕೋರಿಕೆಯನ್ನು ಮರ್ಕ್ಯೂರಿ ತಂದು ತಿಳಿಸಿದಾಗ ಪ್ಲೂಟೊ ಅವನನ್ನು ಬಿಟ್ಟುಕೊಡುತ್ತಾನೆ. ಹೊರಡುವ ಮುನ್ನ ವಿಧಿದೇವತೆಯರು ಒಂದು ಭವಿಷ್ಯ ನುಡಿಯುತ್ತಾರೆ: ಈ ನರಕದಿಂದ ಪಾರಾದರೂ ಅವನ ಮನೆಯಲ್ಲಿಯೇ ಅವನಿಗೊಂದು ನರಕ ಕಾದಿದೆ.

ಮೂರು ಪುರುಷಕಂಠಗಳಿಗೆ ಬರೆದ ಈ ಭವಿಷ್ಯವಾಣಿಯಲ್ಲಿ ಸ್ವರಾಧಾರವು ಅರ್ಧಸ್ವರದಷ್ಟೇ ಅಂತರದಲ್ಲಿ ಒಂದಾದ ಮೇಲೊಂದು ಮೆಟ್ಟಿಲು ಕೆಳಗಿಳಿಯುತ್ತ ಹೋಗುತ್ತದೆ. ಕೇಳುಗರಿಗೆ ಕಾಲಡಿಯ ನೆಲವೇ ಸರಿದಂತಾಗಬೇಕೆಂಬುದು ರಮೋನ ಉದ್ದೇಶ. ಅಕಾಡೆಮಿಯ ಕಲಾವಿದರಿಗೆ ಇದನ್ನು ಸಾಧಿಸಲು ಆಗಲಿಲ್ಲ. ಪ್ರಯೋಗದಲ್ಲಿ ಆ ಭಾಗವನ್ನು ಕೈಬಿಡಬೇಕಾಯಿತು. ಕೃತಿಯ ತಿರುಳೆನ್ನಬಹುದಾದ ಮಾತನ್ನು ಅದರ ಮೊದಲ ಪ್ರೇಕ್ಷಕರು ರಮೋ ಬರೆದಂತೆ ಕೇಳಲಿಲ್ಲ.

ಮೂರನೆಯ ಅಂಕದಲ್ಲಿ ಭವಿಷ್ಯ ನಿಜವಾಗುತ್ತದೆ. ಥೀಸಿಯಸ್ ತನ್ನ ಅರಮನೆಯನ್ನು ಹೊಕ್ಕ ಕ್ಷಣದಲ್ಲಿ ಕಾಣುವುದು ಫೀಡ್ರ, ಹಿಪ್ಪಾಲಿಟಸ್ ಮತ್ತು ಹಿರಿದ ಕತ್ತಿ. ತನ್ನನ್ನು ಕೊಂದುಕೊಳ್ಳಲು ಫೀಡ್ರ ಕಸಿದಿದ್ದ ಕತ್ತಿಯನ್ನು ಹಿಪ್ಪಾಲಿಟಸ್ ಮರಳಿ ಕಿತ್ತುಕೊಂಡಿರುತ್ತಾನೆ. ನೋಡಿದವನಿಗೆ ಮಾತ್ರ ಅದು ಬಲಾತ್ಕಾರದ ದೃಶ್ಯ. ಇದೇ ವೇಳೆಗೆ ರಾಜನು ಮರಳಿ ಬಂದ ಸಂತೋಷದಲ್ಲಿ ಪ್ರಜೆಗಳೂ ನಾವಿಕರೂ ಹಾಡಿ ಕುಣಿಯುತ್ತ ಬರುತ್ತಾರೆ. ಪ್ರಕಾರದ ನಿಯಮದಂತೆ ಬರಲೇಬೇಕಾದ ವಿನೋದಭಾಗವನ್ನು ಇಲ್ಲಿ ಇರಿಸಿದ್ದರಿಂದ ಅದು ಹೊಸ ಅರ್ಥ ಪಡೆಯಿತು. ಎದೆಯೊಳಗೆ ಬೆಂಕಿ ಇಟ್ಟುಕೊಂಡ ರಾಜ ಪ್ರಜೆಗಳ ಹರ್ಷವನ್ನು ಕೊನೆಯವರೆಗೆ ಸಹಿಸಿ ಕುಳಿತಿರಬೇಕು. ಅವರು ಹೋದ ಮೇಲೆ ಅವನು ಕಡಲಿನತ್ತ ತಿರುಗಿ ಮೂರನೆಯ ವರವನ್ನು ಬೇಡುತ್ತಾನೆ. ಅಲೆಗಳ ಏರಿಳಿತವನ್ನು ಹೋಲುವ ತಂತಿವಾದ್ಯಗಳ ನಡುವೆ ಹಾಡುವ ಈ ಪ್ರಾರ್ಥನೆಯಲ್ಲಿ ಕ್ರೋಧಕ್ಕಿಂತ ಮಗನ ಮೇಲಿನ ಮಮತೆಯ ನೋವೇ ಹೆಚ್ಚಾಗಿ ಕೇಳುತ್ತದೆ. ಕಡಲು ಮೊರೆದು ಸಮ್ಮತಿ ಸೂಚಿಸುತ್ತದೆ.

ಗೆಳೆಯನಿಗಾಗಿ ನರಕಕ್ಕೆ ಇಳಿದವನು ಮಗನಿಗಾಗಿ ಒಂದು ಪ್ರಶ್ನೆಯನ್ನೂ ನೆಟ್ಟಗೆ ಕೇಳಿ ಉತ್ತರ ಪಡೆಯಲಿಲ್ಲ. ಪ್ಲೂಟೊ ತನಗೆ ಕೊಟ್ಟ ವಿಚಾರಣೆಯನ್ನು ಅವನು ತನ್ನ ಮಗನಿಗೆ ಕೊಡಲಿಲ್ಲ. ಎರಡನೆಯ ಮತ್ತು ಮೂರನೆಯ ಅಂಕಗಳನ್ನು ಹೀಗೆ ಜೊತೆಗಿಟ್ಟು ನೋಡಿದಾಗ ಕೃತಿಯ ನೈತಿಕ ಪ್ರಶ್ನೆ ಸ್ಪಷ್ಟವಾಗುತ್ತದೆ. ಇಂತಹ ಹೋಲಿಕೆಗೆ ರಾಸೀನನ ನಾಟಕದಲ್ಲಿ ಅವಕಾಶವಿಲ್ಲ. ಅಲ್ಲಿ ಪಾತಾಳವೇ ಇಲ್ಲ.

4. ಫೀಡ್ರ, ಈನೋನ್ ಮತ್ತು ಹಿಪ್ಪಾಲಿಟಸನ ಮೌನ

ರಾಸೀನನ ಫೀಡ್ರಳೊಡನೆ ಹೋಲಿಸಿದರೆ ಗೀತನಾಟಕದ ಫೀಡ್ರಳಿಗೆ ಮಾತು ಕಡಿಮೆ. ಮೊದಲ ಅಂಕದಲ್ಲಿ ಅವಳು ಅಧಿಕಾರದ ದರ್ಪದಿಂದ ಕಾಣಿಸಿಕೊಳ್ಳುತ್ತಾಳೆ. ಶತ್ರುವಂಶದ ಕೊನೆಯ ಕುಡಿಯಾದ ಅರಿಸಿಯಾಳನ್ನು ಡಯಾನಾ ದೇವಾಲಯದ ಪೂಜಾರಿಣಿಯಾಗಿಸಲು ಹೊರಟ ಅವಳಿಗೆ, ಒಲ್ಲದ ಮನಸ್ಸಿನ ದೀಕ್ಷೆಯನ್ನು ದೇವಿ ಸ್ವೀಕರಿಸಳೆಂದು ಪೂಜಾರಿಣಿಯರು ತಿಳಿಸುತ್ತಾರೆ. ಕೆರಳಿದ ರಾಣಿ ದೇವಾಲಯವನ್ನೇ ಕೆಡವಿಸುವುದಾಗಿ ಬೆದರಿಸುತ್ತಾಳೆ. ಗಂಡನು ಪಾತಾಳಕ್ಕಿಳಿದ ಸುದ್ದಿ ಬಂದ ಮೇಲೆಯೇ ಅವಳ ಮೋಹಕ್ಕೆ ಆಸೆಯ ದಾರಿ ತೆರೆಯುತ್ತದೆ.

ಸುಳ್ಳು ಆರೋಪವನ್ನು ನೇರವಾಗಿ ಹೇಳುವವರು ಇಲ್ಲಿ ಯಾರೂ ಇಲ್ಲ. ಫೀಡ್ರ ಎರಡರ್ಥದ ಮಾತಾಡಿ ಹೊರಟುಹೋಗುತ್ತಾಳೆ. ಸಖಿ ಈನೋನ್ ಸೂಚನೆಯಿಂದಲೇ ರಾಜನಲ್ಲಿ ಸಂಶಯವನ್ನು ಬಿತ್ತುತ್ತಾಳೆ. ಆರೋಪದ ಕೀಳುತನ ರಾಜಕುಲದವಳಿಗೆ ಒಪ್ಪುವುದಿಲ್ಲವೆಂದು ಅದನ್ನು ದಾದಿಗೆ ವರ್ಗಾಯಿಸಿದುದಾಗಿ ರಾಸೀನನು ತನ್ನ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಈ ವರ್ಗಾವಣೆಯ ಹಿಂದೆ ಕುಲೀನರ ಪಾಪವನ್ನು ಸೇವಕಿಯ ತಲೆಗೆ ಕಟ್ಟುವ ಅಂದಿನ ಸಾಮಾಜಿಕ ದೃಷ್ಟಿ ಇರುವುದನ್ನು ಮರೆಯುವಂತಿಲ್ಲ. ಗೀತನಾಟಕವೂ ಅದನ್ನೇ ಅನುಸರಿಸಿತು. ಆದರೆ ನಾಲ್ಕನೆಯ ಅಂಕದ ಕೊನೆಯಲ್ಲಿ ಅದು ಫೀಡ್ರಳಿಗೆ ಅವಳದೇ ಆದ ಘನತೆಯನ್ನು ಕೊಟ್ಟಿದೆ. ಕಡಲಮೃಗದೊಡನೆ ಹೋರಾಡುತ್ತ ಹಿಪ್ಪಾಲಿಟಸ್ ಜ್ವಾಲೆ ಮತ್ತು ಮೋಡಗಳ ನಡುವೆ ಮಾಯವಾಗುತ್ತಾನೆ. ಅವನು ಇನ್ನಿಲ್ಲವೆಂದು ಮೇಳ ಗೋಳಿಡುತ್ತಿರುವಾಗ ಫೀಡ್ರ ಬರುತ್ತಾಳೆ. ತನ್ನ ಅಪರಾಧವನ್ನೂ ಅವನ ನಿರಪರಾಧವನ್ನೂ ತಂದೆಗೆ ತಿಳಿಸುವಷ್ಟು ಕಾಲ ತನ್ನನ್ನು ಬದುಕಗೊಡಿರೆಂದು ದೇವತೆಗಳನ್ನು ಬೇಡುತ್ತಾಳೆ. ತಾನು ಸಾಯುವ ಮೊದಲು ಸತ್ಯ ಹೊರಬರಬೇಕೆಂಬುದು ಅವಳ ಕೊನೆಯ ಬಯಕೆ.

ಹಿಪ್ಪಾಲಿಟಸನ ಮೌನ ಕಥೆಯ ಎಲ್ಲ ರೂಪಗಳಿಗೂ ಸಾಮಾನ್ಯ. ಯೂರಿಪಿಡೀಸನಲ್ಲಿ ಅವನು ಆಣೆಗೆ ಕಟ್ಟುಬಿದ್ದು ಸುಮ್ಮನಿರುತ್ತಾನೆ. ಗೀತನಾಟಕದಲ್ಲಿ ಅಂತಹ ಆಣೆಯಿಲ್ಲ. ತಂದೆಯ ಮಾನ ಉಳಿಸಲು ಅವನು ಸುಮ್ಮನಾಗಿ, ತನ್ನನ್ನು ದೇಶದಿಂದ ಹೊರಹಾಕಬೇಕೆಂದು ತಾನೇ ಕೇಳಿಕೊಳ್ಳುತ್ತಾನೆ. ಮಗನ ಸದ್ಗುಣವೇ ತಂದೆಯ ಕಣ್ಣಿಗೆ ಅಪರಾಧದ ಒಪ್ಪಿಗೆಯಾಗಿ ತೋರುವುದು ಈ ಕಥೆಯ ದಾರುಣ ವ್ಯಂಗ್ಯ.

5. ಮರುಬಾಳು ಮತ್ತು ಅದರ ಮಿತಿ

ಐದನೆಯ ಅಂಕದಲ್ಲಿ ಸಾಯುವ ಫೀಡ್ರಳ ಬಾಯಿಂದ ಸತ್ಯವನ್ನರಿತ ಥೀಸಿಯಸ್ ಕಡಲಿಗೆ ಹಾರಲು ಮುಂದಾಗುತ್ತಾನೆ. ನೆಪ್ಚೂನನು ಅವನನ್ನು ತಡೆದು, ಡಯಾನಾಳ ಕೃಪೆಯಿಂದ ಮಗ ಬದುಕಿದ್ದಾನೆಂದು ತಿಳಿಸುತ್ತಾನೆ. ತಂದೆಯ ಹರ್ಷ ಕ್ಷಣಕಾಲದ್ದು. ದುಡುಕಿನ ದಂಡವಾಗಿ ಅವನು ಮಗನನ್ನು ಇನ್ನೆಂದೂ ಕಾಣಲಾರನೆಂಬುದೇ ದೇವರ ತೀರ್ಪು. ಥೀಸಿಯಸ್ ಅದನ್ನು ಒಪ್ಪಿಕೊಂಡು ರಂಗದಿಂದ ಮರೆಯಾಗುತ್ತಾನೆ. ಆಮೇಲೆ ದೃಶ್ಯ ಇಟಲಿಯ ಅರಿಸಿಯಾ ವನಕ್ಕೆ ಬದಲಾಗುತ್ತದೆ. ಮಂದಮಾರುತಗಳು ಹಿಪ್ಪಾಲಿಟಸನನ್ನು ಹೊತ್ತು ತರುತ್ತವೆ, ಪ್ರೇಮಿಗಳು ಕೂಡುತ್ತಾರೆ, ಕುರುಬರ ಹಾಡುಕುಣಿತದೊಡನೆ ಕೃತಿ ಮುಗಿಯುತ್ತದೆ.

ಈ ಸುಖಾಂತವನ್ನು ರುದ್ರನಾಟಕಕ್ಕೆ ಒಗ್ಗದ ಅಲಂಕಾರವೆಂದು ಕಡೆಗಣಿಸುವುದು ಸುಲಭ. ಆದರೆ ಇದು ಪೆಲ್ಲೆಗ್ರಿನನ ಕಲ್ಪನೆಯಲ್ಲ. ನೇಮಿವನದ ಆರಾಧನೆಯೊಡನೆ ಬೆಳೆದು ಬಂದ ಪ್ರಾಚೀನ ಐತಿಹ್ಯ. ಪೆಲ್ಲೆಗ್ರಿನನ ಹೊಸತನ ಇರುವುದು ಆ ಸುಖಕ್ಕೆ ಹಾಕಿದ ಗಡಿಯಲ್ಲಿ. ಯೂರಿಪಿಡೀಸನಲ್ಲಿ ಮಗ ಸಾಯುತ್ತಾನೆ, ಆದರೆ ತಂದೆಗೆ ಅವನ ಕ್ಷಮೆ ದೊರೆಯುತ್ತದೆ. ಇಲ್ಲಿ ಮಗ ಬದುಕುತ್ತಾನೆ, ಆದರೆ ಕ್ಷಮೆ ಕೇಳುವ ಅವಕಾಶವೂ ತಂದೆಗಿಲ್ಲ. ಆಡಿದ ಶಾಪವನ್ನು ಹಿಂದಕ್ಕೆ ಪಡೆಯುವ ನಾಲ್ಕನೆಯ ವರ ಯಾವ ಕಥೆಯಲ್ಲಿಯೂ ಇರುವುದಿಲ್ಲ.

6. ಕನ್ನಡದ ಒಂದು ಸಮಾನ ನಿದರ್ಶನ

ಸ್ಟಿತ್ ಥಾಮ್ಸನ್ನನ ಆಶಯಸೂಚಿಯಲ್ಲಿ ಈ ಕಥೆಯ ಮೂಲ ಆಶಯಕ್ಕೆ ಕೆ 2111 ಎಂಬ ಸಂಖ್ಯೆಯಿದೆ. ಅಶೋಕನ ಮಗ ಕುಣಾಲನ ಕಥೆ, ಸಾರಂಗಧರನ ಕಥೆ ಇವೆಲ್ಲ ಇದೇ ಆಶಯದ ಭಾರತೀಯ ರೂಪಗಳು. ಕನ್ನಡದಲ್ಲಿ ಇದು ಕಂಪಿಲಿಯ ಕುಮಾರರಾಮನ ಕಥೆಯೊಡನೆ ಬೆಸೆದುಕೊಂಡಿದೆ. ನಂಜುಂಡಕವಿಯ 'ರಾಮನಾಥಚರಿತೆ'ಯಲ್ಲಿಯೂ ಜನಪದರ ಬಾಯಲ್ಲಿಯೂ ಉಳಿದು ಬಂದಿರುವ ಈ ಕಥೆಯಲ್ಲಿ, ಚೆಂಡನ್ನು ತರಲು ಹೋದ ರಾಮನನ್ನು ಕಿರಿಯ ರಾಣಿ ರತ್ನಾಜಿ ಮೋಹಿಸುತ್ತಾಳೆ; ಅವನು ನಿರಾಕರಿಸಿದಾಗ ದೂರು ಹೇಳುತ್ತಾಳೆ; ಕಂಪಿಲರಾಯ ವಿಚಾರಿಸದೆ ಮಗನ ತಲೆಗೆ ಆಜ್ಞೆ ಮಾಡುತ್ತಾನೆ. ಅಲ್ಲಿ ಡಯಾನಾ ಮಾಡಿದ ಕೆಲಸವನ್ನು ಇಲ್ಲಿ ಮಂತ್ರಿ ಬೈಚಪ್ಪ ಮಾಡುತ್ತಾನೆ. ರಾಮನನ್ನು ಗುಟ್ಟಾಗಿ ಉಳಿಸಿಡುತ್ತಾನೆ.

ಎರಡು ಪರಂಪರೆಗಳ ನಡುವೆ ಕೊಡುಕೊಳೆ ನಡೆಯಿತೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಹೋಲಿಕೆಯಿಂದ ವ್ಯತ್ಯಾಸವೇ ಹೆಚ್ಚು ಸ್ಪಷ್ಟವಾಗುತ್ತದೆ. ದೆಹಲಿಯ ಸೈನ್ಯ ಮುತ್ತಿದಾಗ ಕುಮಾರರಾಮ ತಂದೆಯ ರಾಜ್ಯಕ್ಕಾಗಿಯೇ ಮರಳಿ ಬಂದು ಹೋರಾಡಿ ಮಡಿಯುತ್ತಾನೆ; ತಂದೆಗೆ ಮಗನ ಮುಖ ಮತ್ತೆ ಕಾಣುತ್ತದೆ. ಹಿಪ್ಪಾಲಿಟಸ್ ಮರಳುವುದು ತನ್ನ ಪ್ರಿಯತಮೆಯ ಬಳಿಗೆ, ತಂದೆಯಿಂದ ದೂರದ ನಾಡಿಗೆ. 'ಪರನಾರೀ ಸಹೋದರ'ನೆಂಬ ಬಿರುದಿನ ವೀರನೂ ಟ್ರೀಝನ್ನಿನ ಕನ್ಯೆಯರು ಮುಡಿಯರ್ಪಿಸಿದ ಬೇಟೆಗಾರನೂ ಇಬ್ಬರೂ ತಮ್ಮ ನೆಲದಲ್ಲಿ ಆರಾಧನೆ ಪಡೆದರು. ಅನ್ಯಾಯದ ತೀರ್ಪಿಗೆ ಗುರಿಯಾದವನನ್ನು ಸಮುದಾಯ ದೈವವಾಗಿ ಉಳಿಸಿಕೊಳ್ಳುವುದು ಎರಡೂ ಕಡೆ ಕಾಣುವ ಸಂಗತಿ.

7. ಉಪಸಂಹಾರ

'ಇಪ್ಪೊಲೀತ್ ಎ ಅರಿಸಿ' 1742, 1757 ಮತ್ತು 1767ರಲ್ಲಿ ಪ್ಯಾರಿಸ್ಸಿನಲ್ಲಿ ಮರುಪ್ರಯೋಗ ಕಂಡಿತು. ರಮೋ 1764ರಲ್ಲಿ ತೀರಿಕೊಂಡನು. ಆ ಶತಮಾನದ ಕೊನೆಯ ವೇಳೆಗೆ ಅಭಿರುಚಿ ಬದಲಾಗಿ ಕೃತಿ ರಂಗದಿಂದ ಮರೆಯಾಯಿತು. 1908ರಲ್ಲಿ ಪ್ಯಾರಿಸ್ ಒಪೆರಾ ಅದನ್ನು ಮತ್ತೆ ಪ್ರಯೋಗಿಸಿತು. 1996ರಲ್ಲಿ ವಿಲಿಯಂ ಕ್ರಿಸ್ಟಿಯ ನಿರ್ದೇಶನದಲ್ಲಿ ಹಳೆಯ ವಾದ್ಯಗಳೊಡನೆ ಪ್ಯಾರಿಸ್ಸಿನಲ್ಲಿಯೂ, 2013ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್‌ನಲ್ಲಿಯೂ ಪ್ರಯೋಗಗಳು ನಡೆದವು. ರಮೋನ ಕಾಲದ ಕಲಾವಿದರು ಕೈಬಿಟ್ಟ ವಿಧಿದೇವತೆಯರ ಭವಿಷ್ಯವಾಣಿ ಈಗ ಕೃತಿಯ ಅತ್ಯಂತ ಪ್ರಸಿದ್ಧ ಭಾಗಗಳಲ್ಲೊಂದಾಗಿದೆ.

ಒಟ್ಟಿನಲ್ಲಿ, ಈ ಗೀತನಾಟಕವನ್ನು ರಾಸೀನನ ನೆರಳೆಂದು ಮಾತ್ರ ನೋಡಿದರೆ ಅದರ ಸ್ವಂತಿಕೆ ಕಾಣುವುದಿಲ್ಲ. ಶಿಷ್ಟ ನಾಟಕ ಹೊರಗಿಟ್ಟ ಜನಪದ ಅಂಶಗಳನ್ನು ಒಳಗೆ ತಂದು, ಅವುಗಳ ಮೂಲಕ ಒಬ್ಬ ತಂದೆಯ ದುಡುಕನ್ನು ಅಳೆದದ್ದು ಅದರ ಸಾಧನೆ. ಮಲತಾಯಿಯ ಮೋಹವನ್ನು ನೆನಪಿಟ್ಟ ಲೋಕ ತಂದೆಯ ತೀರ್ಪನ್ನು ಅಷ್ಟಾಗಿ ಪ್ರಶ್ನಿಸಿದ್ದಿಲ್ಲ. ಪ್ಯಾರಿಸ್ಸಿನ ರಂಗದ ಮೇಲೆ 1733ರಲ್ಲಿ ಆ ಪ್ರಶ್ನೆಯನ್ನು ಎತ್ತಿದ್ದು ವಿಚಾರಣೆಗೆ ಅವಕಾಶವಿದ್ದ ಪಾತಾಳವೇ ಎಂಬುದು ಈ ಕೃತಿಯ ವಿಶೇಷ.